ನೀರು ಮತ್ತು ಪರಮಾಣು: ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಹಂತಹಂತದ ರಸಾಯನಶಾಸ್ತ್ರ

ಪಿಯುಸಿಯಲ್ಲಿ ಜೀವಶಾಸ್ತ್ರ ಆರಿಸಿಕೊಂಡವರಲ್ಲಿ ಹಲವರು ನೀರಿನ ಗುಣಗಳನ್ನು ಒಂದು ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ನೀರು ಉತ್ತಮ ದ್ರಾವಕ, ಅದರ ವಿಶಿಷ್ಟೋಷ್ಣ ಹೆಚ್ಚು, ಮೇಲ್ಮೈ ಎಳೆತ ಹೆಚ್ಚು, ಮಂಜುಗಡ್ಡೆ ತೇಲುತ್ತದೆ ಎಂದು ಬರೆದು ಅಂಕ ಪಡೆಯುತ್ತಾರೆ, ಆದರೆ ಒಂದು ಗುಣಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಅವರ ಕೈಗೆ ಸಿಗುವುದಿಲ್ಲ. ಈ ಗುಣಗಳೆಲ್ಲವೂ ಒಂದೇ ಕಾರಣದಿಂದ ಹುಟ್ಟಿದವು. ಆಕ್ಸಿಜನ್ ಪರಮಾಣು ತಾನು ಹೈಡ್ರೋಜನ್ನಿನೊಡನೆ ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚು ಎಳೆದುಕೊಳ್ಳುತ್ತದೆ ಎಂಬುದೇ ಆ ಕಾರಣ. ಮುಂದಿನ ಪ್ರತಿ ಹಂತದಲ್ಲಿಯೂ ‘ಎಲೆಕ್ಟ್ರಾನು ಎಲ್ಲಿದೆ, ಯಾರ ಕಡೆಗೆ ವಾಲಿದೆ’ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾ ಹೋದರೆ, ಅಡುಗೆಯ ಉಪ್ಪಿನಿಂದ ಹಿಡಿದು ರಕ್ತದ ಪಿಎಚ್‌ವರೆಗೆ ಎಲ್ಲವನ್ನೂ ತರ್ಕದಿಂದಲೇ ತಲುಪಬಹುದು.

ಓದುವಾಗ ಒಂದು ಆವರ್ತ ಕೋಷ್ಟಕ, ಪೆನ್ಸಿಲ್ ಮತ್ತು ಖಾಲಿ ಹಾಳೆಗಳು ಪಕ್ಕದಲ್ಲಿರಲಿ. ಕೊನೆಯ ಹಂತಗಳ ಪ್ರಯೋಗಗಳಿಗೆ ಲಿಂಬೆಹಣ್ಣು, ಅಡುಗೆ ಸೋಡಾ, ಕೆಂಪು ದಾಸವಾಳದ ಹೂವು ಮತ್ತು ಎಲೆ-ಅಡಿಕೆಗೆ ಹಚ್ಚುವ ಸುಣ್ಣ ಸಾಕು. ಕಾರವಾರದಿಂದ ಶಿರಸಿಯವರೆಗೆ ಇವು ಯಾವ ಮನೆಯಲ್ಲಿಯೂ ದೊರೆಯುತ್ತವೆ.

ಹಂತ 1: ಪರಮಾಣುವನ್ನು ಲೆಕ್ಕ ಹಾಕಿ

ಆವರ್ತ ಕೋಷ್ಟಕದಲ್ಲಿ ಹೈಡ್ರೋಜನ್, ಕಾರ್ಬನ್, ನೈಟ್ರೋಜನ್ ಮತ್ತು ಆಕ್ಸಿಜನ್ ಇರುವ ಮನೆಗಳನ್ನು ಗುರುತು ಮಾಡಿಕೊಳ್ಳಿ. ಮನುಷ್ಯದೇಹದ ತೂಕದಲ್ಲಿ ಸುಮಾರು 96 ಶೇಕಡಾ ಈ ನಾಲ್ಕೇ ಧಾತುಗಳಿಂದ ಬಂದಿದೆ, ಅದರಲ್ಲಿ ಆಕ್ಸಿಜನ್ ಒಂದೇ ಸುಮಾರು 65 ಶೇಕಡಾ. ಪರಮಾಣು ಸಂಖ್ಯೆಯೆಂದರೆ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ, ಮತ್ತು ಧಾತು ಯಾವುದೆಂದು ನಿರ್ಧರಿಸುವುದು ಅದೊಂದೇ. ವಿದ್ಯುದಾವೇಶವಿಲ್ಲದ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳೂ ಅಷ್ಟೇ ಇರುತ್ತವೆ. ರಾಶಿಸಂಖ್ಯೆಯಿಂದ ಪರಮಾಣು ಸಂಖ್ಯೆಯನ್ನು ಕಳೆದರೆ ನ್ಯೂಟ್ರಾನುಗಳ ಸಂಖ್ಯೆ ಸಿಗುತ್ತದೆ.

ಪ್ರೋಟಾನು ಅಷ್ಟೇ ಇದ್ದು ನ್ಯೂಟ್ರಾನು ಮಾತ್ರ ಬೇರೆಯಾದ ಪರಮಾಣುಗಳನ್ನು ಸಮಸ್ಥಾನಿಗಳು ಎನ್ನುತ್ತೇವೆ. ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರದ ರಿಯಾಕ್ಟರುಗಳು ಬಳಸುವ ಭಾರಜಲದಲ್ಲಿ ಹೈಡ್ರೋಜನ್ನಿನ ಜಾಗದಲ್ಲಿ ಅದರ ಸಮಸ್ಥಾನಿಯಾದ ಡ್ಯುಟೀರಿಯಂ ಇರುತ್ತದೆ. ಪ್ರತಿ ಡ್ಯುಟೀರಿಯಂನಲ್ಲಿ ಒಂದು ನ್ಯೂಟ್ರಾನು ಹೆಚ್ಚಿರುವುದರಿಂದ ಅಣುರಾಶಿ 18ರ ಬದಲು 20 ಆಗುತ್ತದೆ, ಸಾಂದ್ರತೆ ಸುಮಾರು 11 ಶೇಕಡಾ ಏರುತ್ತದೆ. ಸಮುದ್ರದ ನೀರಿನಲ್ಲಿಯೂ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯುಟೀರಿಯಂ ಇದ್ದೇ ಇರುತ್ತದೆ. ಜೀವಶಾಸ್ತ್ರಕ್ಕೆ ಸಮಸ್ಥಾನಿಗಳ ದೊಡ್ಡ ಉಪಯೋಗವೆಂದರೆ ಗುರುತು ಹಚ್ಚುವುದು. ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಆಕ್ಸಿಜನ್ ನೀರಿನದು, ಕಾರ್ಬನ್ ಡೈಆಕ್ಸೈಡಿನದಲ್ಲ ಎಂಬುದನ್ನು ರೂಬೆನ್, ಕಾಮೆನ್ ಮತ್ತು ಅವರ ಸಂಗಡಿಗರು 1941ರಲ್ಲಿ ಆಕ್ಸಿಜನ್-18 ಬಳಸಿ ತೋರಿಸಿದರು.

ಹಂತ 2: ಹೊರಕವಚವನ್ನು ನೋಡಿ, ಬಂಧಗಳನ್ನು ಎಣಿಸಿ

ಮೊದಲ ಕವಚದಲ್ಲಿ 2 ಮತ್ತು ಎರಡನೆಯದರಲ್ಲಿ 8 ಎಲೆಕ್ಟ್ರಾನುಗಳಿಗೆ ಜಾಗವಿದೆ. ಹೈಡ್ರೋಜನ್ನಿಗೆ 1, ಕಾರ್ಬನ್ನಿಗೆ 2 ಮತ್ತು 4, ನೈಟ್ರೋಜನ್ನಿಗೆ 2 ಮತ್ತು 5, ಆಕ್ಸಿಜನ್ನಿಗೆ 2 ಮತ್ತು 6. ಹೊರಕವಚ ತುಂಬಲು ಎಷ್ಟು ಕೊರತೆಯಿದೆಯೋ ಸಾಮಾನ್ಯವಾಗಿ ಅಷ್ಟೇ ಬಂಧಗಳು ಆಗುತ್ತವೆ. ಆದ್ದರಿಂದ ಹೈಡ್ರೋಜನ್ನಿಗೆ ಒಂದು, ಆಕ್ಸಿಜನ್ನಿಗೆ ಎರಡು, ನೈಟ್ರೋಜನ್ನಿಗೆ ಮೂರು, ಕಾರ್ಬನ್ನಿಗೆ ನಾಲ್ಕು ಬಂಧಗಳು. ಮುಂದೆ ಗ್ಲೂಕೋಸ್ ಅಥವಾ ಅಮೈನೋ ಆಮ್ಲದ ರಚನೆಯನ್ನು ಬರೆದಾಗಲೆಲ್ಲ ಈ ಎಣಿಕೆಯಿಂದ ಚಿತ್ರವನ್ನು ಪರಿಶೀಲಿಸಿ. ಕಾರ್ಬನ್ನಿಗೆ ಐದು ಗೆರೆ ಬಿದ್ದಿದ್ದರೆ ಚಿತ್ರದಲ್ಲಿ ತಪ್ಪಿದೆಯೆಂದೇ ಅರ್ಥ.

ಹಂತ 3: ಎಳೆತವನ್ನು ಅಳೆಯಿರಿ

ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಸಾಮರ್ಥ್ಯವನ್ನು ಎಲೆಕ್ಟ್ರೋನೆಗೆಟಿವಿಟಿ ಎನ್ನುತ್ತಾರೆ. ಇದನ್ನು ಅಂಕಿಗಳಲ್ಲಿ ಹೇಳುವ ಮಾಪಕವನ್ನು ಲೈನಸ್ ಪಾಲಿಂಗ್ 1932ರಲ್ಲಿ ಮುಂದಿಟ್ಟರು. ಆರು ಬೆಲೆಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ: ಸೋಡಿಯಂ 0.93, ಹೈಡ್ರೋಜನ್ 2.20, ಕಾರ್ಬನ್ 2.55, ನೈಟ್ರೋಜನ್ 3.04, ಕ್ಲೋರಿನ್ 3.16, ಆಕ್ಸಿಜನ್ 3.44.

ಈಗ ವ್ಯತ್ಯಾಸಗಳನ್ನು ಕಳೆಯಿರಿ. ಕಾರ್ಬನ್ ಮತ್ತು ಹೈಡ್ರೋಜನ್ ನಡುವೆ 0.35 ಬರುತ್ತದೆ, ಅಂದರೆ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಸಮನಾಗಿಯೇ ಹಂಚಿಕೆಯಾಗಿವೆ. ತೆಂಗಿನೆಣ್ಣೆಯ ಉದ್ದನೆಯ ಸರಪಳಿಗಳಲ್ಲಿ ಇರುವುದು ಬಹುಪಾಲು ಈ ಬಂಧವೇ. ಆಕ್ಸಿಜನ್ ಮತ್ತು ಹೈಡ್ರೋಜನ್ ನಡುವಿನ ವ್ಯತ್ಯಾಸ 1.24, ಇಲ್ಲಿ ಹಂಚಿಕೆ ಇದೆ ಆದರೆ ಸಮನಾಗಿಲ್ಲ, ಇದು ಧ್ರುವೀಯ ಸಹವೇಲೆನ್ಸೀಯ ಬಂಧ. ಸೋಡಿಯಂ ಮತ್ತು ಕ್ಲೋರಿನ್ ನಡುವಿನ ವ್ಯತ್ಯಾಸ 2.23. ಅಲ್ಲಿ ಎಲೆಕ್ಟ್ರಾನು ಒಂದು ಪರಮಾಣುವನ್ನು ಬಿಟ್ಟು ಇನ್ನೊಂದಕ್ಕೆ ಹೋಗಿಯೇ ಬಿಟ್ಟಿದೆ ಎಂದು ಭಾವಿಸಬಹುದು, ಅದು ಅಯಾನಿಕ ಬಂಧ. ಈ ಮೂರು ಬಗೆಗಳ ನಡುವೆ ಕಟ್ಟುನಿಟ್ಟಾದ ಗಡಿ ಇಲ್ಲ. 0.5 ಮತ್ತು 1.7 ಎಂಬ ಗಡಿಸಂಖ್ಯೆಗಳು ಅನುಕೂಲಕ್ಕಾಗಿ ಮಾಡಿಕೊಂಡವು, ನಿಸರ್ಗದಲ್ಲಿ ಇರುವುದು ಎಳೆತದ ನಿರಂತರ ಏರಿಕೆ ಮಾತ್ರ.

ಹಂತ 4: ನೀರಿನ ಅಣುವನ್ನು ಸ್ವತಃ ಬಿಡಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಇದನ್ನು ಸರಿಯಾಗಿ ಗ್ರಹಿಸಿದವರಿಗೆ ಉಳಿದದ್ದು ಸುಲಭ. ಹಾಳೆಯ ನಡುವೆ ಆಕ್ಸಿಜನ್ ಬರೆಯಿರಿ. ಅದರ ಹೊರಕವಚದ ಆರು ಎಲೆಕ್ಟ್ರಾನುಗಳಲ್ಲಿ ಎರಡು ಹೈಡ್ರೋಜನ್‌ಗಳೊಡನೆ ಬಂಧಕ್ಕೆ ಹೋಗುತ್ತವೆ, ಉಳಿದ ನಾಲ್ಕು ಎರಡು ಒಂಟಿ ಜೋಡಿಗಳಾಗಿ ಆಕ್ಸಿಜನ್ನಿನ ಬಳಿಯೇ ನಿಲ್ಲುತ್ತವೆ. ಹೀಗೆ ಆಕ್ಸಿಜನ್ನಿನ ಸುತ್ತ ನಾಲ್ಕು ಎಲೆಕ್ಟ್ರಾನು ಜೋಡಿಗಳಿವೆ. ಅವು ಒಂದನ್ನೊಂದು ದೂರ ತಳ್ಳುವುದರಿಂದ ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಳ್ಳುತ್ತವೆ. ನಾಲ್ಕೂ ಸಮನಾಗಿದ್ದರೆ ಕೋನ 109.5 ಡಿಗ್ರಿ ಆಗಬೇಕಿತ್ತು, ಆದರೆ ಒಂಟಿ ಜೋಡಿಗಳ ತಳ್ಳುವಿಕೆ ತುಸು ಹೆಚ್ಚಾದ್ದರಿಂದ ಹೈಡ್ರೋಜನ್‌ಗಳ ನಡುವಿನ ಕೋನ 104.5 ಡಿಗ್ರಿಗೆ ಇಳಿಯುತ್ತದೆ.

ಅಣು ಬಾಗಿದೆ ಎಂಬುದೇ ಇಲ್ಲಿ ಮುಖ್ಯ ಸಂಗತಿ. ಕಾರ್ಬನ್ ಡೈಆಕ್ಸೈಡಿನಲ್ಲಿಯೂ ಬಂಧಗಳು ಧ್ರುವೀಯವೇ, ಆದರೆ ಆ ಅಣು ನೇರವಾಗಿರುವುದರಿಂದ ಎರಡು ಬದಿಯ ಎಳೆತಗಳು ಪರಸ್ಪರ ರದ್ದಾಗಿ ಒಟ್ಟು ಅಣು ಅಧ್ರುವೀಯವಾಗುತ್ತದೆ. ನೀರಿನಲ್ಲಿ ಹಾಗೆ ರದ್ದಾಗುವುದಿಲ್ಲ. ಆಕ್ಸಿಜನ್ನಿನ ಬದಿಗೆ ಭಾಗಶಃ ಋಣ ಚಿಹ್ನೆಯನ್ನೂ ಎರಡು ಹೈಡ್ರೋಜನ್‌ಗಳ ಬಳಿ ಭಾಗಶಃ ಧನ ಚಿಹ್ನೆಯನ್ನೂ ಬರೆಯಿರಿ.

ಈಗ ಇನ್ನೊಂದು ನೀರಿನ ಅಣುವನ್ನು ಪಕ್ಕದಲ್ಲಿ ಬಿಡಿಸಿ, ಮೊದಲ ಅಣುವಿನ ಹೈಡ್ರೋಜನ್ ಎರಡನೆಯದರ ಆಕ್ಸಿಜನ್ನಿನ ಕಡೆಗೆ ಮುಖ ಮಾಡಿರುವಂತೆ ಇಟ್ಟು, ಅವೆರಡರ ನಡುವೆ ಚುಕ್ಕಿಗೆರೆ ಎಳೆಯಿರಿ. ಈ ಚುಕ್ಕಿಗೆರೆಯೇ ಹೈಡ್ರೋಜನ್ ಬಂಧ. ಒಂದೇ ಅಣುವಿನೊಳಗೆ ಆಕ್ಸಿಜನ್ನಿಗೂ ಹೈಡ್ರೋಜನ್ನಿಗೂ ಇರುವ ಬಂಧವನ್ನು ಹೈಡ್ರೋಜನ್ ಬಂಧವೆಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ಬಹಳ ಸಾಮಾನ್ಯವಾದ ತಪ್ಪು. ಎರಡರ ಬಲವನ್ನು ಹೋಲಿಸಿದರೆ ಈ ಗೊಂದಲ ಮತ್ತೆ ಬಾರದು: ಅಣುವಿನೊಳಗಿನ ಬಂಧವನ್ನು ಮುರಿಯಲು ಪ್ರತಿ ಮೋಲಿಗೆ (ಒಂದು ಮೋಲ್ ಎಂದರೆ ಸುಮಾರು 6.022 × 10²³ ಕಣಗಳು) ಸುಮಾರು 460 ಕಿಲೋಜೌಲ್ ಬೇಕು, ಹೈಡ್ರೋಜನ್ ಬಂಧಕ್ಕೆ ಸುಮಾರು 20 ಕಿಲೋಜೌಲ್ ಸಾಕು. ದ್ರವರೂಪದ ನೀರಿನಲ್ಲಿ ಈ ದುರ್ಬಲ ಬಂಧಗಳು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಮುರಿದು ಮತ್ತೆ ಕೂಡುತ್ತಿರುತ್ತವೆ, ಆದರೆ ಒಂದು ಅಣುವಿಗೆ ಹೆಚ್ಚೆಂದರೆ ನಾಲ್ಕು ಅಣುಗಳೊಡನೆ ಇಂತಹ ಬಂಧ ಸಾಧ್ಯವಿರುವುದರಿಂದ ಒಟ್ಟಾರೆ ಹಿಡಿತ ಯಾವ ಕ್ಷಣದಲ್ಲಿಯೂ ಉಳಿದಿರುತ್ತದೆ. ಈ ಹಿಡಿತ ಎಷ್ಟು ದೊಡ್ಡದೆಂದು ತಿಳಿಯಲು ಹೈಡ್ರೋಜನ್ ಸಲ್ಫೈಡನ್ನು ನೋಡಿ: ಅದರ ಅಣು ನೀರಿಗಿಂತ ಭಾರವಾಗಿದ್ದರೂ ಅದು ಸುಮಾರು ಮೈನಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ.

ಹಂತ 5: ಗುಣಗಳನ್ನು ಚಿತ್ರದಿಂದಲೇ ಹೊರತನ್ನಿ

ನೀರನ್ನು ಬಿಸಿ ಮಾಡಿದಾಗ ಶಾಖದ ಒಂದು ಪಾಲು ಹೈಡ್ರೋಜನ್ ಬಂಧಗಳನ್ನು ಮುರಿಯುವುದಕ್ಕೆ ಖರ್ಚಾಗುತ್ತದೆ, ಆದ್ದರಿಂದ ಉಷ್ಣತೆ ನಿಧಾನವಾಗಿ ಏರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಜೌಲ್ ಬೇಕು, ಒಣ ಮರಳಿಗೆ ಸುಮಾರು 0.8 ಜೌಲ್ ಸಾಕು. ಕಾರವಾರದ ಕಡಲತೀರದಲ್ಲಿ ಮಧ್ಯಾಹ್ನ ಮರಳು ಕಾಲು ಸುಡುತ್ತಿದ್ದರೂ ಪಕ್ಕದ ನೀರು ತಂಪಾಗಿರುವುದಕ್ಕೂ, ಆ ಹೊತ್ತಿನಲ್ಲಿ ಗಾಳಿ ಕಡಲಿನಿಂದ ದಡಕ್ಕೆ ಬೀಸುವುದಕ್ಕೂ ಇದೇ ಕಾರಣ. ಜೀವಕೋಶದ ಬಹುಪಾಲು ನೀರೇ ಆಗಿರುವುದರಿಂದ ದೇಹದ ಉಷ್ಣತೆಯೂ ತಟಕ್ಕನೆ ಏರಿಳಿಯುವುದಿಲ್ಲ. ಆವಿಯಾಗುವಾಗ ಅಣು ಎಲ್ಲ ಹಿಡಿತಗಳನ್ನೂ ಕಳಚಿಕೊಳ್ಳಬೇಕಾದ್ದರಿಂದ ಬೆವರು ದೇಹದ ಶಾಖವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಏಪ್ರಿಲ್ ತಿಂಗಳ ಸೆಕೆ ಅಸಹನೀಯವಾಗುವುದು ಗಾಳಿಯಲ್ಲಿ ಆಗಲೇ ತೇವ ತುಂಬಿದ್ದು ಬೆವರು ಆವಿಯಾಗದೆ ಮೈಮೇಲೆ ಉಳಿಯುವುದರಿಂದ.

ಶಿರಸಿ–ಸಿದ್ದಾಪುರದ ಕಾಡಿನ ಎತ್ತರದ ಮರಗಳ ತುದಿಗೆ ನೀರು ಏರುವ ಬಗೆಯನ್ನು ಇದೇ ಚಿತ್ರದಿಂದ ವಿವರಿಸಿ. ವಾತಾವರಣದ ಒತ್ತಡದ ಬಲದಿಂದ ಹೀರುಪಂಪು ನೀರನ್ನು ಎತ್ತಬಲ್ಲದ್ದು ಸುಮಾರು 10 ಮೀಟರ್ ಮಾತ್ರ. ಅದಕ್ಕಿಂತ ಎತ್ತರದ ಮರದಲ್ಲಿ ಎಲೆಯಿಂದ ಒಂದು ಅಣು ಆವಿಯಾದಾಗ ಅದರ ಹಿಂದಿನ ಅಣು ಹೈಡ್ರೋಜನ್ ಬಂಧದಿಂದ ಮೇಲಕ್ಕೆ ಎಳೆಯಲ್ಪಡುತ್ತದೆ, ಆ ಎಳೆತ ಕ್ಸೈಲಂ ನಾಳದ ಉದ್ದಕ್ಕೂ ಬೇರಿನವರೆಗೆ ತಲುಪುತ್ತದೆ. ಅಣುಗಳು ತಮ್ಮೊಳಗೆ ಹಿಡಿದುಕೊಳ್ಳುವುದು ಸಂಸಂಜನ, ನಾಳದ ಗೋಡೆಯ ಸೆಲ್ಯುಲೋಸಿನ ಆಕ್ಸಿಜನ್‌ಗಳಿಗೆ ಅಂಟಿಕೊಳ್ಳುವುದು ಅಂಟುಬಲ. ಕೆರೆಯ ಮೇಲೆ ಕಾಲೂರಿ ಓಡುವ ಕೀಟಕ್ಕೆ ಆಧಾರವಾದ ಮೇಲ್ಮೈ ಎಳೆತವೂ ಸಂಸಂಜನದ್ದೇ ಫಲ. ಮಂಜುಗಡ್ಡೆಯಲ್ಲಿ ನಾಲ್ಕೂ ಬಂಧಗಳು ಸ್ಥಿರವಾಗಿ ಅಣುಗಳನ್ನು ಪರಸ್ಪರ ದೂರ ಇಡುವುದರಿಂದ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.917 ಗ್ರಾಂಗೆ ಇಳಿಯುತ್ತದೆ, ಹಾಗಾಗಿ ಅದು ತೇಲುತ್ತದೆ.

ಹಂತ 6: ಕರಗುವುದನ್ನು ಅರ್ಥ ಮಾಡಿಕೊಳ್ಳಿ, ನಂತರ ಮೋಲ್ ಲೆಕ್ಕ ಮಾಡಿ

ಉಪ್ಪಿನ ಹರಳು ನೀರಿಗೆ ಬಿದ್ದಾಗ ನೀರಿನ ಅಣುಗಳ ಆಕ್ಸಿಜನ್ ಬದಿ ಸೋಡಿಯಂ ಅಯಾನಿನ ಕಡೆಗೂ, ಹೈಡ್ರೋಜನ್ ಬದಿ ಕ್ಲೋರೈಡಿನ ಕಡೆಗೂ ತಿರುಗಿ ಅವನ್ನು ಸುತ್ತುವರಿಯುತ್ತವೆ. ಅಯಾನುಗಳು ಪರಸ್ಪರ ಸೆಳೆಯುವ ಬಲಕ್ಕೂ ನೀರು ಸೆಳೆಯುವ ಬಲಕ್ಕೂ ನಡೆಯುವ ಈ ಪೈಪೋಟಿಯನ್ನು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಹಿಮ್ಮುಖವಾಗಿ ನೋಡಬಹುದು. ಒಂದು ಕಿಲೋಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರು ಬಿಸಿಲಿಗೆ ಆರುತ್ತಾ ಹೋದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ ಹರಳಾಗುತ್ತವೆ, ಏಕೆಂದರೆ ಅವುಗಳ ಅಯಾನುಗಳಲ್ಲಿ ಎರಡೆರಡು ಆವೇಶಗಳಿದ್ದು ಪರಸ್ಪರ ಸೆಳೆತ ಬಲವಾಗಿರುತ್ತದೆ. ನೀರು ಮೂಲದ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಅಡುಗೆಯ ಉಪ್ಪು ಬೀಳಲಾರಂಭಿಸುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯ ಕಹಿನೀರಿನಲ್ಲಿ ಉಳಿದುಬಿಡುತ್ತವೆ.

ಪ್ರಯೋಗಾಲಯದ ಭಾಷೆಯಲ್ಲಿ ಇದನ್ನು ಹೇಳಲು ಮೋಲ್ ಬೇಕು. ಲೆಕ್ಕದ ಕ್ರಮ ಹೀಗಿದೆ: ಮೊದಲು ಗ್ರಾಂ ಬರೆಯಿರಿ, ಅದನ್ನು ಮೋಲಾರ್ ರಾಶಿಯಿಂದ ಭಾಗಿಸಿ ಮೋಲ್ ಪಡೆಯಿರಿ, ಮೋಲನ್ನು ಲೀಟರಿನಿಂದ ಭಾಗಿಸಿ ಮೋಲಾರಿಟಿ ಪಡೆಯಿರಿ. ಆಸ್ಪತ್ರೆಯಲ್ಲಿ ಕೊಡುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿದೆ. 9ನ್ನು 58.44ರಿಂದ ಭಾಗಿಸಿದರೆ 0.154 ಮೋಲಾರ್. ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ 1 ಶೇಕಡಾ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್) ಬೇಕು. ಹರಳಿನೊಳಗಿನ ನೀರೂ ಸೇರಿ ಮೈಲುತುತ್ತದ ಮೋಲಾರ್ ರಾಶಿ ಸುಮಾರು 250, ಆದ್ದರಿಂದ 1,000 ಗ್ರಾಂ ಎಂದರೆ 4 ಮೋಲ್, 100 ಲೀಟರಿನಲ್ಲಿ ಅದು 0.04 ಮೋಲಾರ್. ಹರಳಿನೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ಉತ್ತರ ತಪ್ಪುತ್ತದೆ ಎಂಬುದನ್ನು ಗಮನಿಸಿ.

ಹಂತ 7: ಅಭಿಸರಣೆಗೆ ಕಣಗಳನ್ನು ಎಣಿಸಿ

ಒಂದು ಘಟಕ ಉಪ್ಪು ಕರಗಿದಾಗ ಎರಡು ಅಯಾನುಗಳಾಗುವುದರಿಂದ 0.154 ಮೋಲಾರ್ ಸಲೈನಿನಲ್ಲಿ ಕಣಗಳ ಲೆಕ್ಕ 0.308 ಆಗುತ್ತದೆ, ನಮ್ಮ ರಕ್ತದ್ದೂ ಹೆಚ್ಚುಕಡಿಮೆ ಇಷ್ಟೇ. ಸಮುದ್ರದ ನೀರಿನಲ್ಲಿ ಅದು ಮೂರು ಪಟ್ಟಿಗಿಂತ ಹೆಚ್ಚು. ಪೊರೆಯ ಎರಡು ಬದಿಗಳಲ್ಲಿ ಕಣಗಳ ಸಾಂದ್ರತೆ ಬೇರೆಯಾಗಿದ್ದರೆ ನೀರು ಕಡಿಮೆ ಕಣಗಳಿರುವ ಬದಿಯಿಂದ ಹೆಚ್ಚು ಕಣಗಳಿರುವ ಬದಿಗೆ ಹೋಗುತ್ತದೆ, ಇದೇ ಅಭಿಸರಣೆ. ಶಿರಸಿ ಸೀಮೆಯ ಮನೆಗಳಲ್ಲಿ ಉಪ್ಪಿಗೆ ಹಾಕಿದ ಅಪ್ಪೆಮಿಡಿ ನೀರು ಬಿಟ್ಟು ಸುಕ್ಕುಗಟ್ಟುವುದನ್ನು ಗಮನಿಸಿ. ಹೆಚ್ಚಿನ ಸೂಕ್ಷ್ಮಜೀವಿಗಳೂ ಆ ಉಪ್ಪುನೀರಿನಲ್ಲಿ ಇದೇ ಕಾರಣಕ್ಕೆ ಬೆಳೆಯಲಾರವು.

ಅಘನಾಶಿನಿ ನದಿಯ ಅಳಿವೆಯ ಗಜನಿ ಗದ್ದೆಗಳು ಈ ವಿಷಯದ ಅತ್ಯುತ್ತಮ ಪಾಠಶಾಲೆ ಎಂದು ನಾನು ಭಾವಿಸುತ್ತೇನೆ. ಅಲ್ಲಿ ಮಳೆನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ಸಹಿಸಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಾರೆ, ಕೊಯ್ಲಿನ ನಂತರ ಉಬ್ಬರದ ನೀರು ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಉಪ್ಪುನೀರಿನ ಮಣ್ಣಿನಿಂದ ಸಾಮಾನ್ಯ ಸಸ್ಯದ ಬೇರು ನೀರನ್ನು ಹೀರಲಾರದು, ಏಕೆಂದರೆ ಕಣಗಳ ಸಾಂದ್ರತೆ ಹೊರಗೇ ಹೆಚ್ಚಿರುತ್ತದೆ. ಕಾಳಿ ಮತ್ತು ಅಘನಾಶಿನಿಯ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಸಸ್ಯಗಳಲ್ಲಿ ರೈಜೋಫೊರಾ ಬಹುಪಾಲು ಉಪ್ಪನ್ನು ಬೇರಿನಲ್ಲಿಯೇ ತಡೆಯುತ್ತದೆ, ಅವಿಸೆನಿಯಾ ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ.

ಹಂತ 8: ಪಿಎಚ್ ಅನ್ನು ಲೆಕ್ಕದಲ್ಲಿಯೂ ಬಣ್ಣದಲ್ಲಿಯೂ ನೋಡಿ

ಆಕ್ಸಿಜನ್ನಿನ ಎಳೆತ ಎಷ್ಟು ಬಲವಾದದ್ದೆಂದರೆ, ಆಗೊಮ್ಮೆ ಈಗೊಮ್ಮೆ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲಿಯೇ ಬಿಟ್ಟು ಬರಿಯ ಪ್ರೋಟಾನಾಗಿ ಪಕ್ಕದ ನೀರಿನ ಅಣುವಿಗೆ ದಾಟುತ್ತದೆ. 25 ಡಿಗ್ರಿಯ ಶುದ್ಧ ನೀರಿನಲ್ಲಿ ಹೈಡ್ರೋಜನ್ ಅಯಾನಿನ ಸಾಂದ್ರತೆ 10⁻⁷ ಮೋಲಾರ್. ಒಂದು ಲೀಟರಿನಲ್ಲಿ 55.5 ಮೋಲ್ ನೀರು ಇರುವುದರಿಂದ, ಯಾವುದೇ ಕ್ಷಣದಲ್ಲಿ ಹೀಗೆ ಒಡೆದಿರುವುದು ಸುಮಾರು 55 ಕೋಟಿ ಅಣುಗಳಲ್ಲಿ ಒಂದು. ಆ ಘಾತಸಂಖ್ಯೆಯ ಮೈನಸ್ ತೆಗೆದರೆ ಸಿಗುವ 7 ಅದರ ಪಿಎಚ್. ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ, ಮೂರು ಅಂಕ ಇಳಿದರೆ ಸಾವಿರ ಪಟ್ಟಾಗುತ್ತದೆ. ಎರಡು ಪಿಎಚ್‌ಗಳನ್ನು ಹೋಲಿಸುವಾಗ ಈ ಪಟ್ಟುಗಳನ್ನು ಬರೆಯುವ ಅಭ್ಯಾಸ ಮಾಡಿಕೊಳ್ಳಿ, ಬರಿಯ ವ್ಯತ್ಯಾಸವನ್ನು ಬರೆದರೆ ಅದರ ಗಾತ್ರ ಕಾಣುವುದಿಲ್ಲ.

ಬಣ್ಣದ ಪ್ರಯೋಗಕ್ಕೆ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಮೂರು ಗಾಜಿನ ಲೋಟಗಳಿಗೆ ಹಂಚಿ, ಒಂದಕ್ಕೆ ಲಿಂಬೆರಸ, ಇನ್ನೊಂದಕ್ಕೆ ಸೋಡಾ ನೀರು ಹನಿಹನಿಯಾಗಿ ಹಾಕಿ, ಮೂರನೆಯದನ್ನು ಹೋಲಿಕೆಗಾಗಿ ಹಾಗೆಯೇ ಬಿಡಿ. ಆಮ್ಲದಲ್ಲಿ ಅದು ಗುಲಾಬಿಗೆಂಪಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಿಗೆ ತಿರುಗುತ್ತದೆ. ಅದರ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹೈಡ್ರೋಜನ್ ಅಯಾನನ್ನು ಪಡೆದಾಗ ಮತ್ತು ಕಳೆದುಕೊಂಡಾಗ ಅದರ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ ಬೇರೆ ಬಣ್ಣದ ಬೆಳಕನ್ನು ಹೀರುತ್ತದೆ. ಮುರುಗಲಿನ (ಕೋಕಂ) ಸಿಪ್ಪೆಯಲ್ಲಿಯೂ ಆಂಥೋಸಯನಿನ್ ಇದೆ, ಆದರೆ ಅದರಲ್ಲಿ ಆಮ್ಲವೂ ಹೇರಳವಾಗಿರುವುದರಿಂದ ನೀವು ಹಾಕಿದ ಪ್ರತ್ಯಾಮ್ಲವನ್ನು ಮೊದಲು ಆ ಆಮ್ಲವೇ ಮುಗಿಸಿಬಿಡುತ್ತದೆ, ಹಾಗಾಗಿ ಸೂಚಕವಾಗಿ ದಾಸವಾಳವೇ ಮೇಲು.

ಬೋರ್ಡೋ ದ್ರಾವಣ ತಯಾರಿಸುವವರು ಪಿಎಚ್ ನೋಡಲು ಬಳಸುವ ಹಳೆಯ ಪರೀಕ್ಷೆಯೂ ಎಲೆಕ್ಟ್ರಾನಿನದ್ದೇ. ಮೈಲುತುತ್ತಕ್ಕೆ ಬೆರೆಸಿದ ಸುಣ್ಣ ಕಡಿಮೆಯಾಗಿ ದ್ರಾವಣ ಆಮ್ಲೀಯವಾಗಿದ್ದರೆ ಅದರಲ್ಲಿ ತಾಮ್ರದ ಅಯಾನುಗಳು ಬಿಡಿಯಾಗಿರುತ್ತವೆ. ಹೊಳೆಯುವ ಕತ್ತಿಯನ್ನು ಅದ್ದಿದಾಗ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಅವುಗಳಿಗೆ ಕೊಟ್ಟು, ಕತ್ತಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಕಲೆ ಬೀಳದಿರುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು.

ಹಂತ 9: ಬಫರನ್ನು ಸುಣ್ಣದ ನೀರಿನಲ್ಲಿ ಕಂಡುಕೊಳ್ಳಿ

ಕಾರ್ಬನ್ ಡೈಆಕ್ಸೈಡ್ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಅದು ಒಂದು ಹೈಡ್ರೋಜನ್ ಅಯಾನನ್ನು ಬಿಟ್ಟು ಬೈಕಾರ್ಬೊನೇಟ್ ಆಗುತ್ತದೆ, ಮತ್ತು ಈ ಕ್ರಿಯೆ ಎರಡೂ ದಿಕ್ಕಿಗೆ ನಡೆಯುತ್ತದೆ. ಮಾಲಿನ್ಯವಿಲ್ಲದ ಮಳೆನೀರಿನ ಪಿಎಚ್ ಕೂಡ ಸುಮಾರು 5.6 ಇರುವುದಕ್ಕೆ ಇದೇ ಕಾರಣ. ರಕ್ತದಲ್ಲಿ ಬೈಕಾರ್ಬೊನೇಟ್ ಹೆಚ್ಚುವರಿ ಹೈಡ್ರೋಜನ್ ಅಯಾನನ್ನು ಹಿಡಿದುಕೊಳ್ಳುತ್ತದೆ, ಕೊರತೆಯಾದಾಗ ಕಾರ್ಬಾನಿಕ್ ಆಮ್ಲ ಅದನ್ನು ಬಿಟ್ಟುಕೊಡುತ್ತದೆ, ಹೀಗೆ ಪಿಎಚ್ 7.35 ಮತ್ತು 7.45ರ ನಡುವೆ ನಿಲ್ಲುತ್ತದೆ. ಪಿಎಚ್ ಹೆಚ್ಚು ಏರಿಳಿಯದಂತೆ ತಡೆಯುವ ಇಂತಹ ಜೋಡಿಯೇ ಬಫರ್.

ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬೇರೆ ಲೋಟಕ್ಕೆ ಬಗ್ಗಿಸಿ. ಇದು ತೀಕ್ಷ್ಣ ಪ್ರತ್ಯಾಮ್ಲವಾದ್ದರಿಂದ ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ, ಕೊಳವೆಯಲ್ಲಿ ಉಸಿರನ್ನು ಊದಿರಿ, ಯಾವ ಕಾರಣಕ್ಕೂ ಒಳಗೆಳೆಯಬೇಡಿ. ತಿಳಿನೀರು ಹಾಲಿನಂತೆ ಬಿಳಿಯಾಗುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಅಘನಾಶಿನಿಯ ಚಿಪ್ಪಿಗಳ ಗೋಡೆಯಲ್ಲಿರುವುದೂ ಇದೇ ವಸ್ತು, ಆ ಚಿಪ್ಪಿಗಳನ್ನು ಸುಟ್ಟೇ ಸುಣ್ಣ ಮಾಡುತ್ತಾರೆ. ಊದುವುದನ್ನು ನಿಲ್ಲಿಸದೆ ಮುಂದುವರಿಸಿದರೆ ಬಿಳಿ ಮತ್ತೆ ತಿಳಿಯಾಗತೊಡಗುತ್ತದೆ, ಏಕೆಂದರೆ ಹೆಚ್ಚಾದ ಕಾರ್ಬಾನಿಕ್ ಆಮ್ಲ ಕಾರ್ಬೊನೇಟನ್ನು ಕರಗುವ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಸಮುದ್ರದ ಮೇಲ್ಪದರದ ಪಿಎಚ್ ಈಗ ಸುಮಾರು 8.1 ಆಗಿದೆ. ಮಾಪಕದಲ್ಲಿ ಈ ಇಳಿಕೆ 0.1 ಮಾತ್ರ, ಆದರೆ 10ರ 0.1 ಘಾತ ಸುಮಾರು 1.26 ಆದ್ದರಿಂದ ಹೈಡ್ರೋಜನ್ ಅಯಾನು ಸುಮಾರು ಕಾಲು ಪಾಲು ಹೆಚ್ಚಿದೆ. ಆ ಅಯಾನುಗಳು ಕಾರ್ಬೊನೇಟಿನೊಡನೆ ಸೇರಿ ಬೈಕಾರ್ಬೊನೇಟ್ ಆಗುವುದರಿಂದ, ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದ ಕಾರ್ಬೊನೇಟ್ ಅಯಾನು ನೀರಿನಲ್ಲಿ ಕಡಿಮೆಯಾಗುತ್ತದೆ. ಲೋಟದ ತಿಳಿಯಾದ ನೀರನ್ನು ಕುದಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ರಿಯೆ ಹಿಂದಕ್ಕೆ ತಿರುಗುತ್ತದೆ, ಮತ್ತು ಬಿಳಿಯ ಕಾರ್ಬೊನೇಟ್ ಪುನಃ ಕಾಣಿಸಿಕೊಳ್ಳುತ್ತದೆ.